ಎಡೆದೊರೆಯ ದಾಸರು, ಬೇಕರಿಯ ಚಾರ್ಲಿ

ರಾಯಚೂರು ಸೀಮೆಯ ಮನೆಗಳಲ್ಲಿ ಹಿರಿಯರು ಮಕ್ಕಳಿಗೆ ಹೇಳುತ್ತ ಬಂದ ಕಥೆಯೊಂದಿದೆ. ವೆಂಕಣ್ಣ ಎಂಬ ಅನಾಥ ಹುಡುಗ. ಅಕ್ಷರದ ಗಂಧವಿಲ್ಲ. ದಾರಿಯಲ್ಲಿ ಸಿಕ್ಕ ರಾಘವೇಂದ್ರ ಸ್ವಾಮಿಗಳು ಮಂತ್ರಾಕ್ಷತೆ ಕೊಟ್ಟು, ಕಷ್ಟ ಬಂದಾಗ ನೆನೆ ಎಂದು ಹೇಳಿ ಮುಂದೆ ಹೋಗುತ್ತಾರೆ. ಕೆಲಕಾಲದ ನಂತರ ಆದವಾನಿಯ ಅಧಿಕಾರಿ ಸಿದ್ದಿ ಮಸೂದ್ ಖಾನ್ ಆ ಕಡೆ ಬಂದಾಗ ಅವನಿಗೊಂದು ಪತ್ರ ಬರುತ್ತದೆ. ಎದುರಿಗೆ ಕಂಡ ಹುಡುಗನಿಗೇ ಓದು ಎನ್ನುತ್ತಾನೆ. ಓದು ಬಾರದು ಅಂದರೆ ನಂಬುವುದಿಲ್ಲ. ಹೆದರಿದ ವೆಂಕಣ್ಣ ಗುರುಗಳನ್ನು ನೆನೆಯುತ್ತಾನೆ. ಕಾಗದದ ಮೇಲಿನ ಗೆರೆಗಳೆಲ್ಲ ಮಾತಾಗಿ ತಿಳಿಯತೊಡಗುತ್ತವೆ. ಆ ಹುಡುಗನೇ ಮುಂದೆ ಆದವಾನಿಯ ದಿವಾನನಾದ, ತುಂಗಭದ್ರೆಯ ಆಚೆ ದಡದ ಮಂಚಾಲೆ ಗ್ರಾಮ ಸ್ವಾಮಿಗಳಿಗೆ ದೊರೆಯಲು ಕಾರಣನಾದ ಎನ್ನುತ್ತದೆ ಐತಿಹ್ಯ. 1671ರಲ್ಲಿ ರಾಯರು ವೃಂದಾವನಸ್ಥರಾದ ಆ ಮಂಚಾಲೆಯೇ ಇಂದಿನ ಮಂತ್ರಾಲಯ.

ಅಕ್ಷರವೇ ತಿಳಿಯದವನು ಕಣ್ಣೆವೆ ಇಕ್ಕುವುದರಲ್ಲಿ ಓದಬಲ್ಲವನಾಗುವ ಕಥೆ ಇದು. ಹೀಗೆ ಬಂದ ಬುದ್ಧಿ ಮರಳಿ ಹೋದರೆ? ವೆಂಕಣ್ಣನ ಕಥೆ ಆ ಪ್ರಶ್ನೆಯ ಹತ್ತಿರ ಹೋಗುವುದಿಲ್ಲ. ಅದನ್ನು ಕೇಳಿದವನು ಅಮೆರಿಕದ ಡೇನಿಯಲ್ ಕೀಸ್.

1927ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಹುಟ್ಟಿದ ಕೀಸ್ ಶಾಲಾ ಮೇಷ್ಟ್ರಾಗಿದ್ದ. ಕಲಿಕೆಯಲ್ಲಿ ಹಿಂದುಳಿದ ಮಕ್ಕಳ ತರಗತಿಯಲ್ಲಿ ಒಬ್ಬ ಹುಡುಗ ಅವನ ಬಳಿ ಬಂದು, ತಾನು ಕಷ್ಟಪಟ್ಟು ಓದಿ ಜಾಣನಾದರೆ ಉಳಿದವರ ತರಗತಿಗೆ ಸೇರಿಸುತ್ತೀರಾ ಎಂದು ಕೇಳಿದನಂತೆ. ಆ ಪ್ರಶ್ನೆ ಮೇಷ್ಟ್ರ ತಲೆಯಿಂದ ಇಳಿಯಲಿಲ್ಲ. 1959ರ ಏಪ್ರಿಲ್‌ನಲ್ಲಿ ‘ಫ್ಲವರ್ಸ್ ಫಾರ್ ಆಲ್ಜರ್ನಾನ್’ ಕಥೆಯಾಗಿ ಅಚ್ಚಾಯಿತು, ಮರುವರ್ಷ ಹ್ಯೂಗೋ ಪ್ರಶಸ್ತಿ ಪಡೆಯಿತು. 1966ರಲ್ಲಿ ಅದೇ ಕಾದಂಬರಿಯಾಗಿ ಬೆಳೆದು ನೆಬ್ಯುಲಾ ಪ್ರಶಸ್ತಿ ಹಂಚಿಕೊಂಡಿತು. 1968ರಲ್ಲಿ ಸಿನಿಮಾ ಆಯಿತು. ನಾಯಕನಾಗಿ ನಟಿಸಿದ ಕ್ಲಿಫ್ ರಾಬರ್ಟ್‌ಸನ್‌ಗೆ ಆಸ್ಕರ್ ಬಂತು.

ಕಥೆ ಇಷ್ಟು. ಚಾರ್ಲಿ ಗಾರ್ಡನ್ 32 ವರ್ಷದವನು, ಬೇಕರಿಯಲ್ಲಿ ಕಸ ಹೊಡೆಯುವುದು, ಸಾಮಾನು ತಲುಪಿಸುವುದು ಅವನ ಕೆಲಸ. ಬುದ್ಧಿಮಾಪನದ ಲೆಕ್ಕದಲ್ಲಿ ಅವನ ಅಂಕ 68. ಶಾಣ್ಯಾ ಆಗಬೇಕು ಎನ್ನುವುದೊಂದೇ ಅವನ ಹಂಬಲ. ಇಬ್ಬರು ವಿಜ್ಞಾನಿಗಳು ಮಿದುಳಿನ ಶಸ್ತ್ರಚಿಕಿತ್ಸೆಯಿಂದ ಬುದ್ಧಿ ಹೆಚ್ಚಿಸುವ ದಾರಿ ಕಂಡುಕೊಂಡಿದ್ದಾರೆ. ಆಲ್ಜರ್ನಾನ್ ಎಂಬ ಬಿಳಿ ಇಲಿಯ ಮೇಲೆ ಅದು ಫಲಿಸಿದೆ, ಈಗ ಮನುಷ್ಯನ ಸರದಿ. ಚಾರ್ಲಿಯ ಅಂಕ 185ರ ತನಕ ಏರುತ್ತದೆ, ತನಗೆ ಚಿಕಿತ್ಸೆ ಮಾಡಿದವರನ್ನೇ ಅವನು ಹಿಂದೆ ಹಾಕುತ್ತಾನೆ. ಆಮೇಲೆ ಇಲಿ ಕುಸಿಯುತ್ತದೆ. ತಾನೂ ಕುಸಿಯಲಿದ್ದೇನೆ ಎಂದು ಚಾರ್ಲಿ ತಾನೇ ಲೆಕ್ಕ ಹಾಕಿ ಸಾಧಿಸುತ್ತಾನೆ: ಕೃತಕವಾಗಿ ಬಂದ ಬುದ್ಧಿ ಎಷ್ಟು ಏರಿತೋ ಅಷ್ಟೇ ವೇಗದಲ್ಲಿ ಇಳಿಯುತ್ತದೆ. ಮಾರ್ಚ್ ತಿಂಗಳಲ್ಲಿ ಆರಂಭವಾದ ದಿನಚರಿ ನವೆಂಬರ್ ಹೊತ್ತಿಗೆ ಮುಗಿಯುತ್ತದೆ.

ಇಡೀ ಪುಸ್ತಕ ಚಾರ್ಲಿಯೇ ಬರೆದ ಪ್ರಗತಿ ವರದಿಗಳ ರೂಪದಲ್ಲಿದೆ. ಮೊದಲ ಪುಟಗಳಲ್ಲಿ ಕಾಗುಣಿತ ಸರಿಯಿಲ್ಲ, ವಾಕ್ಯಕ್ಕೆ ಕೊನೆಯಿಲ್ಲ. ಒತ್ತಕ್ಷರ, ದೀರ್ಘ ಎಲ್ಲ ತಪ್ಪಿದ ಎರಡನೇ ಇಯತ್ತೆಯ ಕಾಪಿ ಪುಸ್ತಕ ನೋಡಿದವರಿಗೆ ಆ ಪುಟಗಳ ರೂಪ ತಕ್ಷಣ ಗೊತ್ತಾದೀತು. ಬರುಬರುತ್ತ ಅಲ್ಪವಿರಾಮ ಬರುತ್ತದೆ, ಮಾತು ಮೊನಚಾಗುತ್ತದೆ, ಒಂದು ಹಂತದಲ್ಲಿ ಸಾಮಾನ್ಯ ಓದುಗನಿಗೇ ನಿಲುಕದಷ್ಟು ಬಿಗಿಯಾಗುತ್ತದೆ. ಕೊನೆಯ ಪುಟಗಳಲ್ಲಿ ತಪ್ಪುಗಳು ಒಂದೊಂದಾಗಿ ಮರಳುತ್ತವೆ. ಬುದ್ಧಿ ಹೋಯಿತು ಎಂದು ಲೇಖಕ ಎಲ್ಲೂ ವಿವರಿಸಬೇಕಾಗಿಲ್ಲ, ಕಾಗುಣಿತವೇ ಅದನ್ನು ಹೇಳುತ್ತದೆ. ವೈಜ್ಞಾನಿಕ ಕಾದಂಬರಿಗಳಲ್ಲಿ ಇಷ್ಟು ಸರಳವಾದ, ಇಷ್ಟು ಎದೆಗೆ ನಾಟುವ ತಂತ್ರ ಅಪರೂಪ.

ಈ ಕಾದಂಬರಿಯ ಪಾತ್ರಗಳನ್ನು ಅರಿಯಲು ರಾಯಚೂರು ಜಿಲ್ಲೆಯ ಓದುಗನಿಗೆ ಒಂದು ಅನುಕೂಲವಿದೆ. ಬುದ್ಧಿ ಹೊರಗಿನಿಂದ ಬಂದ ಕಥೆಗಳು ಕೃಷ್ಣಾ–ತುಂಗಭದ್ರೆಯ ನಡುವಿನ ಈ ಎಡೆದೊರೆ ನಾಡಿನಲ್ಲಿ ಬೇಕಾದಷ್ಟಿವೆ. ಮಾನ್ವಿ ತಾಲ್ಲೂಕಿನ ಚೀಕಲಪರವಿಯಲ್ಲಿ ಹುಟ್ಟಿದ ವಿಜಯದಾಸರು (1682–1755) ಮೊದಲು ದಾಸಪ್ಪ ಎಂಬ ಕಡುಬಡವ. ಊರು ಬಿಟ್ಟು ಕಾಶಿಗೆ ಹೋದಾಗ ಪುರಂದರದಾಸರು ಕನಸಿನಲ್ಲಿ ಬಂದು ನಾಲಿಗೆಯ ಮೇಲೆ ‘ವಿಜಯವಿಠಲ’ ಅಂಕಿತ ಬರೆದರಂತೆ. ಎದ್ದವರು ಸುಳಾದಿ, ಕೀರ್ತನೆಗಳನ್ನು ಹಾಡತೊಡಗಿದರು. ಅವರ ರಚನೆಗಳು 25 ಸಾವಿರ ಎಂದು ಸಂಪ್ರದಾಯ ಎಣಿಸುತ್ತದೆ. ಅವರ ಶಿಷ್ಯ ಗೋಪಾಲದಾಸರು ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನವರು, ಪೂರ್ವದ ಹೆಸರು ಭಾಗಣ್ಣ. ಮೂರನೆಯವರು ಮಾನ್ವಿ ತಾಲ್ಲೂಕಿನ ಬ್ಯಾಗವಾಟದ ಶ್ರೀನಿವಾಸಾಚಾರ್ಯರು.

ಈ ಆಚಾರ್ಯರ ಕಥೆ ಚಾರ್ಲಿಯ ಕಥೆಗೆ ತೀರ ಹತ್ತಿರ. ಸಂಸ್ಕೃತದಲ್ಲಿ ದೊಡ್ಡ ಪಂಡಿತರು, ಮಾನ್ವಿಯಲ್ಲಿ ಶಿಷ್ಯರಿಗೆ ಪಾಠ ಹೇಳುತ್ತಿದ್ದರು. ಕನ್ನಡದಲ್ಲಿ ಹಾಡು ಕಟ್ಟಿ, ಗೆಜ್ಜೆ ಕಟ್ಟಿ ಕುಣಿಯುವ ದಾಸರೆಂದರೆ ಅವರಿಗೆ ತಾತ್ಸಾರ. ವಿಜಯದಾಸರು ಊಟಕ್ಕೆ ಕರೆದಾಗ ಹೊಟ್ಟೆನೋವಿನ ನೆವ ಹೇಳಿ ತಪ್ಪಿಸಿಕೊಂಡರು. ನೆವ ನಿಜವಾಯಿತು, ಯಾವ ಮದ್ದಿಗೂ ಜಗ್ಗದ ವ್ಯಾಧಿ ಹಿಡಿಯಿತು. ಕೊನೆಗೆ ವಿಜಯದಾಸರಲ್ಲೇ ಬಂದು ಶರಣಾದರು. ಅವರು ಗೋಪಾಲದಾಸರ ಬಳಿ ಕಳಿಸಿದರು. ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ 40 ವರ್ಷ ತೆಗೆದು ಅವರಿಗೆ ಕೊಟ್ಟರು ಎಂಬುದು ದಾಸ ಪರಂಪರೆಯ ನಂಬಿಕೆ. ಗೋಪಾಲದಾಸರು 1762ರಲ್ಲಿ, ನಡುವಯಸ್ಸಿಗೇ ತೀರಿಕೊಂಡರು. ಬದುಕುಳಿದ ಪಂಡಿತರು ಜಗನ್ನಾಥದಾಸರಾಗಿ 1809ರವರೆಗೆ ಇದ್ದರು, ಭಾಮಿನಿ ಷಟ್ಪದಿಯಲ್ಲಿ ‘ಹರಿಕಥಾಮೃತಸಾರ’ ಬರೆದರು. ಯಾರ ಭಾಷೆಯನ್ನು ಕೀಳೆಂದಿದ್ದರೋ ಅದೇ ಕನ್ನಡದಲ್ಲಿ ಬರೆದರು.

ಈ ಕಥೆಯನ್ನು ಪಕ್ಕದಲ್ಲಿಟ್ಟುಕೊಂಡು ಕೀಸ್‌ನ ಪುಸ್ತಕ ಓದಿದರೆ ಒಂದು ಪ್ರಶ್ನೆ ಎದ್ದು ನಿಲ್ಲುತ್ತದೆ. ಕೊಡುವವನು ತನ್ನದೇನನ್ನು ಕೊಟ್ಟ?

ಪ್ರೊಫೆಸರ್ ನೀಮರ್ ತನ್ನದೇನನ್ನೂ ಕೊಡುವುದಿಲ್ಲ. ಪ್ರಯೋಗದ ಮುಖ್ಯಸ್ಥ ಅವನು. ಅವನಿಗೆ ಹೆಸರು ಬೇಕು, ಅದಕ್ಕಾಗಿ ಅವಸರವೂ ಇದೆ. ಷಿಕಾಗೊದ ಸಮ್ಮೇಳನದಲ್ಲಿ ಚಾರ್ಲಿಯನ್ನೂ ಇಲಿಯನ್ನೂ ಒಂದೇ ವೇದಿಕೆಯ ಮೇಲೆ ಕೂರಿಸಿ ತೋರಿಸುತ್ತಾರೆ. ಶಸ್ತ್ರಚಿಕಿತ್ಸೆಗೆ ಮುಂಚೆ ಈತ ಮನುಷ್ಯನೇ ಆಗಿರಲಿಲ್ಲ, ತಾವೇ ಇವನನ್ನು ಸೃಷ್ಟಿಸಿದ್ದು ಎಂಬ ಧಾಟಿಯಲ್ಲಿ ನೀಮರ್ ಮಾತಾಡುತ್ತಾನೆ. ಚಾರ್ಲಿಗೆ ಮೈ ಉರಿಯುತ್ತದೆ. ಅಷ್ಟು ದಿನ ತಾನು ಯಾರಾಗಿದ್ದೆ? ಆಲ್ಜರ್ನಾನ್‌ನ ಪಂಜರ ತೆರೆದು, ಗದ್ದಲವೆಬ್ಬಿಸಿ, ಇಲಿಯನ್ನು ಜೇಬಿನಲ್ಲಿ ಹಾಕಿಕೊಂಡು ಹೊರಟುಬಿಡುತ್ತಾನೆ. ಕಾದಂಬರಿಯ ತಿರುವು ಇಲ್ಲಿದೆ. ಆ ಗಳಿಗೆಯಿಂದ ಇಲಿ ಅವನಿಗೆ ಎದುರಾಳಿಯಾಗಿ ಉಳಿಯುವುದಿಲ್ಲ, ಒಡಹುಟ್ಟಾಗುತ್ತದೆ.

ಇಲ್ಲಿ ಭಾರತದ ಓದುಗ ಮರೆಯಲಾಗದ ಪ್ರಸಂಗವೊಂದಿದೆ. ಬುದ್ಧಿ ಏರಿದ ಮೇಲೆ ಚಾರ್ಲಿ ಭಾರತದ ಮನೋವಿಜ್ಞಾನಿಯೊಬ್ಬನ ಪ್ರಬಂಧ ಓದಿರುತ್ತಾನೆ, ನೀಮರ್‌ನ ವಿಧಾನವನ್ನು ಅದು ಟೀಕಿಸಿದೆ. ಅದನ್ನು ನೀಮರ್ ಓದಿಯೇ ಇಲ್ಲ, ಅವನಿಗೆ ಹಿಂದಿ ಬಾರದು. ಜಗತ್ತನ್ನೇ ಬಲ್ಲವರೆಂದು ತಿಳಿದಿದ್ದವರಿಗೆ ಇಷ್ಟೂ ಗೊತ್ತಿಲ್ಲವೇ ಎಂದು ಚಾರ್ಲಿ ದಂಗಾಗುತ್ತಾನೆ. ಅವನೊಳಗೆ ತಾತ್ಸಾರ ಮೊಳೆಯುವುದು ಹೀಗೆ. ನಿನ್ನೆಯ ತನಕ ನಗೆಪಾಟಲಾಗಿದ್ದವನು ಇಂದು ಬೇರೆಯವರನ್ನು ಅಲ್ಪರೆಂದು ಕಾಣುತ್ತಾನೆ. ಮಾನ್ವಿಯ ಆಚಾರ್ಯರಿಗೆ ಬಂದ ವ್ಯಾಧಿಯೇ ನ್ಯೂಯಾರ್ಕಿನ ಚಾರ್ಲಿಗೂ ಬರುತ್ತದೆ. ಅವನಿಗೆ ಅದು ಗೊತ್ತಾಗುವುದು ಒಂದು ಹೋಟೆಲಿನಲ್ಲಿ. ಪಾತ್ರೆ ಎತ್ತುವ ಹುಡುಗ ತಟ್ಟೆಗಳನ್ನು ಬೀಳಿಸುತ್ತಾನೆ. ಗಿರಾಕಿಗಳು ಗೇಲಿ ಮಾಡುತ್ತಾರೆ, ಹುಡುಗನೂ ಏನೆಂದು ತಿಳಿಯದೆ ನಗುತ್ತಾನೆ. ಅವನು ಬುದ್ಧಿಮಾಂದ್ಯನೆಂದು ಚಾರ್ಲಿಗೆ ಹೊಳೆಯುತ್ತದೆ. ಅದಕ್ಕಿಂತ ಮೊದಲು ತಾನೂ ನಕ್ಕಿದ್ದೆ ಎಂಬುದೂ ಹೊಳೆಯುತ್ತದೆ. ಇದು ಪುಸ್ತಕದ ಅತ್ಯಂತ ಬಲವಾದ ಎರಡು ಪುಟ.

ಡಾಕ್ಟರ್ ಸ್ಟ್ರಾಸ್ ಶಸ್ತ್ರವೈದ್ಯ, ನೀಮರ್‌ಗಿಂತ ಮೃದು. ಪರೀಕ್ಷೆಗಳನ್ನು ನಡೆಸುವ ಬರ್ಟ್ ಇನ್ನೂ ಒಳ್ಳೆಯವನು. ಆದರೆ ತನ್ನದೊಂದನ್ನು ತೆತ್ತು ಕೊಟ್ಟವಳು ಆಲಿಸ್ ಕಿನಿಯನ್. ವಯಸ್ಕರ ವಿಶೇಷ ಶಾಲೆಯಲ್ಲಿ ಚಾರ್ಲಿಗೆ ಅಕ್ಷರ ಕಲಿಸಿದ ಟೀಚರ್, ಅವನನ್ನು ಪ್ರಯೋಗಕ್ಕೆ ಸೂಚಿಸಿದವಳೂ ಅವಳೇ. ಅವನ ಬುದ್ಧಿ ಏರುತ್ತ ಹೋದಂತೆ ಇಬ್ಬರ ನಡುವೆ ಪ್ರೀತಿ ಮೂಡುತ್ತದೆ, ಇನ್ನೂ ಏರಿದಂತೆ ಅವಳ ಮಾತೇ ಅವನಿಗೆ ಸಪ್ಪೆಯಾಗುತ್ತದೆ. ಇಳಿಗಾಲದಲ್ಲಿ ಬಂದು ಜೊತೆಗಿರುವವಳು ಅವಳೊಬ್ಬಳೇ, ಅವನೇ ಹೋಗು ಎನ್ನುವ ತನಕ. ಅವಳಿಗೆ ಎದುರಾಗಿ ಪಕ್ಕದ ಮನೆಯ ಕಲಾವಿದೆ ಫೇ ಇದ್ದಾಳೆ. ಬಣ್ಣ, ಕುಣಿತ, ನಗೆಯ ಹುಡುಗಿ. ಒಂಟಿಯಾಗದಿರಲೆಂದು ಆಲ್ಜರ್ನಾನ್‌ಗೆ ಜೋಡಿ ಇಲಿ ತಂದುಕೊಡುವವಳು ಅವಳು. ಚಾರ್ಲಿ ಕುಸಿಯತೊಡಗಿದಾಗ ಫೇ ದೂರ ಸರಿಯುತ್ತಾಳೆ.

ತಾಯಿ ರೋಸ್ ಪಾತ್ರ ನಮ್ಮ ಮನೆಗಳಿಗೆ ತೀರ ಪರಿಚಿತ. ಮಗ ಎಲ್ಲರಂತೆಯೇ ಇದ್ದಾನೆಂದು ಹಟ ಹಿಡಿದು ಡಾಕ್ಟರರಿಂದ ಡಾಕ್ಟರರಿಗೆ ಅಲೆಯುತ್ತಾಳೆ, ಕಲಿಯದಿದ್ದರೆ ಹೊಡೆಯುತ್ತಾಳೆ. ಚುರುಕಾದ ಮಗಳು ನಾರ್ಮಾ ಹುಟ್ಟಿದ ಮೇಲೆ ಮಗ ಕಣ್ಣಿಗೆ ಬೇಡವಾಗುತ್ತಾನೆ. ಜನ ಏನಂದಾರು ಎಂಬ ಭಯ ಅವಳನ್ನು ಹಿಂಡುತ್ತದೆ. ಅವಳನ್ನು ಕೆಟ್ಟವಳೆಂದು ಬಗೆಯುವುದು ಸುಲಭ, ಕೀಸ್ ಹಾಗೆ ಮಾಡುವುದಿಲ್ಲ. ವರ್ಷಗಳ ನಂತರ ಚಾರ್ಲಿ ಮನೆಗೆ ಹೋದಾಗ ಅವಳ ಬುದ್ಧಿಯೇ ಮಂಕಾಗಿದೆ. ಒಂದು ಕಾಲಕ್ಕೆ ಅವನನ್ನು ದ್ವೇಷಿಸಿದ್ದ ನಾರ್ಮಾ ಅಣ್ಣನನ್ನು ಕಂಡು ಅಳುತ್ತಾಳೆ. ಕ್ಷೌರದಂಗಡಿ ಇಟ್ಟ ತಂದೆ ಮ್ಯಾಟ್‌ಗೆ ಎದುರಿಗೆ ಕೂತ ಮಗನ ಗುರುತೇ ಸಿಗುವುದಿಲ್ಲ, ಚಾರ್ಲಿ ಹೇಳಿಕೊಳ್ಳುವುದೂ ಇಲ್ಲ.

ಇನ್ನು ಸಂಕೇತಗಳು. ಮೊದಲನೆಯದು ಇಲಿ. ಪ್ರಯೋಗಾಲಯದಲ್ಲಿ ಆಲ್ಜರ್ನಾನ್ ಪೆಟ್ಟಿಗೆಯ ಸುತ್ತುದಾರಿಯಲ್ಲಿ ಓಡುತ್ತದೆ, ಚಾರ್ಲಿ ಅದೇ ದಾರಿಯನ್ನು ಹಲಗೆಯ ಮೇಲೆ ಕಡ್ಡಿಯಿಂದ ಗುರುತಿಸಬೇಕು, ಇಬ್ಬರಿಗೂ ಪಂದ್ಯ. ಆರಂಭದಲ್ಲಿ ಪ್ರತಿ ಸಲ ಇಲಿಯೇ ಗೆಲ್ಲುತ್ತದೆ. ಇಲಿಗೆ ಆದದ್ದೆಲ್ಲ ಕೆಲ ದಿನಗಳ ನಂತರ ಚಾರ್ಲಿಗೆ ಆಗುತ್ತದೆ. ಅದರ ಸಿಟ್ಟು, ಅದರ ಮರೆವು, ಅದರ ಸಾವು ಅವನ ನಾಳೆಯ ಮುನ್ಸೂಚನೆ. ಅದು ಸತ್ತ ಮೇಲೆ ಹಿತ್ತಿಲಲ್ಲಿ ಹೂಳಿ ಹೂ ಇಡುತ್ತಾನೆ. ಪುಸ್ತಕದ ಹೆಸರಿನಲ್ಲಿರುವ ಹೂ ಅದೇ. ಪ್ರಯೋಗದ ಪ್ರಾಣಿಗೆ ಯಾರೂ ಹೂ ಇಡುವುದಿಲ್ಲ. ಇಲಿಗೆ ಸಲ್ಲಿಸಿದ ಗೌರವ ತನಗೂ ಸಲ್ಲಬೇಕಾದದ್ದು ಎಂದು ಅವನು ಬಾಯಿಬಿಟ್ಟು ಹೇಳದೆಯೇ ಹೇಳುತ್ತಾನೆ.

ಎರಡನೆಯದು ಹಣ್ಣು. ಬೇಕರಿಯ ಜೊತೆಗಾರರೆಲ್ಲ ಸೇರಿ, ಜಾಣನಾದ ಚಾರ್ಲಿಯನ್ನು ಕೆಲಸದಿಂದ ತೆಗೆಯಿರೆಂದು ಮಾಲೀಕನಿಗೆ ಅರ್ಜಿ ಕೊಡುತ್ತಾರೆ. ಸಹಿ ಹಾಕದವಳು ಫ್ಯಾನಿ ಎಂಬ ಮುದುಕಿ ಮಾತ್ರ. ಆದರೆ ಅವಳಿಗೂ ಅಂಜಿಕೆ: ಆದಾಮ ಮತ್ತು ಹವ್ವ ಜ್ಞಾನದ ಮರದ ಹಣ್ಣು ತಿಂದು ತೋಟದಿಂದ ಹೊರಬಿದ್ದದ್ದನ್ನು ನೆನಪಿಸುತ್ತಾಳೆ. ದಡ್ಡನಿದ್ದಾಗ ಎಲ್ಲರೂ ಗೆಳೆಯರು ಎಂದು ನಂಬಿದ್ದ ಚಾರ್ಲಿ, ಅವರು ತನ್ನೊಂದಿಗೆ ನಗುತ್ತಿರಲಿಲ್ಲ, ತನ್ನನ್ನು ನೋಡಿ ನಗುತ್ತಿದ್ದರು ಎಂದು ಅರಿತದ್ದೇ ಆ ಹಣ್ಣಿನ ಕಹಿ.

ಮೂರನೆಯದು ಕಿಟಕಿ. ಕಾದಂಬರಿಯುದ್ದಕ್ಕೂ ಹಳೆಯ ಚಾರ್ಲಿ, ಆ ಅಂಜುಬುರುಕ ಹುಡುಗ, ಕಿಟಕಿಯ ಗಾಜಿನಾಚೆ ನಿಂತು ಹೊಸ ಚಾರ್ಲಿಯನ್ನು ನೋಡುತ್ತಿರುತ್ತಾನೆ. ಆಲಿಸ್‌ಳನ್ನು ಅಪ್ಪಿಕೊಳ್ಳಲು ಹೋದಾಗಲೆಲ್ಲ ಅವನು ಬಂದು ನಿಲ್ಲುತ್ತಾನೆ. ಇಲ್ಲಿ 1983ರ ‘ಕವಿರತ್ನ ಕಾಳಿದಾಸ’ ನೆನಪಾಗದೆ ಇರದು. ರಾಜ್‌ಕುಮಾರ್ ಅಭಿನಯದ ಆ ಕುರುಬ ಕಾಳಿಯ ಕೃಪೆಯಿಂದ ಕವಿಯಾಗುತ್ತಾನೆ, ಆದರೆ ಹಿಂದಿನ ಬದುಕನ್ನು ಮರೆಯುತ್ತಾನೆ. ಚಾರ್ಲಿಗೆ ಆಗುವುದು ಇದರ ವಿರುದ್ಧ. ಬುದ್ಧಿ ಬೆಳೆದಂತೆ ಮರೆತುಹೋಗಿದ್ದ ಬಾಲ್ಯವೆಲ್ಲ ಮೇಲೆದ್ದು ಬರುತ್ತದೆ. ದಡ್ಡತನ ಮುಚ್ಚಿಟ್ಟಿದ್ದ ಗಾಯಗಳನ್ನು ಬುದ್ಧಿ ತೆರೆಯುತ್ತದೆ. ಕಾದಂಬರಿಯ ಮುಂಪುಟದಲ್ಲೇ ಪ್ಲೇಟೋನ ಗುಹೆಯ ಪ್ರಸಂಗದ ಉಲ್ಲೇಖವಿದೆ: ಕತ್ತಲಿನಿಂದ ಬೆಳಕಿಗೆ ಬಂದವನ ಕಣ್ಣೂ ಮಂಜಾಗುತ್ತದೆ, ಬೆಳಕಿನಿಂದ ಕತ್ತಲಿಗೆ ಹೋದವನ ಕಣ್ಣೂ ಮಂಜಾಗುತ್ತದೆ. ಚಾರ್ಲಿ ಎರಡೂ ದಾರಿ ನಡೆದವನು.

ಕನ್ನಡದಲ್ಲಿ ಈ ಪ್ರಶ್ನೆಯನ್ನು ಬೇರೆ ಬಾಗಿಲಿನಿಂದ ಹೊಕ್ಕವರು ಪೂರ್ಣಚಂದ್ರ ತೇಜಸ್ವಿ. 1980ರಲ್ಲಿ ಬಂದ ‘ಕರ್ವಾಲೊ’ದ ಮಂದಣ್ಣ ಊರವರ ಕಣ್ಣಿಗೆ ಕೆಲಸಕ್ಕೆ ಬಾರದ ಪೆದ್ದ. ಜೇನು, ಹುಳ, ಕಾಡು ಬಲ್ಲ ಹುಟ್ಟು ನಿಸರ್ಗತಜ್ಞ ಅವನಲ್ಲಿದ್ದಾನೆಂದು ಗುರುತಿಸುವವರು ವಿಜ್ಞಾನಿ ಕರ್ವಾಲೊ. ಅವರು ಮಂದಣ್ಣನ ಮಿದುಳಿಗೆ ಕೈಹಾಕುವುದಿಲ್ಲ, ತಮ್ಮ ಕಣ್ಣನ್ನು ತಿದ್ದಿಕೊಂಡು ಅವನನ್ನು ನೋಡುತ್ತಾರೆ. ನೀಮರ್ ಮತ್ತು ಕರ್ವಾಲೊ ಇಬ್ಬರೂ ವಿಜ್ಞಾನಿಗಳೇ. ಓದುಗರು ಈ ಎರಡು ಪುಸ್ತಕಗಳನ್ನು ಒಂದರ ಹಿಂದೆ ಒಂದು ಓದಿದರೆ ಆ ಅಂತರ ತಾನಾಗಿ ಕಾಣುತ್ತದೆ.

ಕೀಸ್‌ನ ಕಲ್ಪನೆ ಬರೀ ಕಲ್ಪನೆಯಾಗಿ ಉಳಿದಿಲ್ಲ. 1999ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಜೋ ಟ್ಸಿಯೆನ್ ಮತ್ತು ಸಂಗಡಿಗರು ಒಂದು ಜೀನ್ ಹೆಚ್ಚು ಕೆಲಸ ಮಾಡುವಂತೆ ಮಾಡಿ, ಬೇಗ ಕಲಿಯುವ ಇಲಿಗಳನ್ನು ತಯಾರಿಸಿದರು. ‘ಡೂಗಿ’ ಎಂದು ಹೆಸರಿಟ್ಟರು. ಎರಡು ವರ್ಷದ ನಂತರ ಇನ್ನೊಂದು ತಂಡ ಕಂಡುಕೊಂಡದ್ದು, ಈ ಜಾಣ ಇಲಿಗಳಿಗೆ ದೀರ್ಘಕಾಲದ ನೋವೂ ಹೆಚ್ಚು ಎಂಬುದನ್ನು. ಬುದ್ಧಿ ಏರಿದ ಚಾರ್ಲಿಯ ನೋವನ್ನು ಓದಿದವರಿಗೆ ಈ ಸುದ್ದಿ ಮನಸ್ಸು ಕಲಕುವಂಥದ್ದು.

ಆದರೆ ನಿಜ ಜೀವನದಲ್ಲಿ ಮಕ್ಕಳ ಬುದ್ಧಿಯನ್ನು ಕಾಪಾಡಿದ್ದು ಶಸ್ತ್ರಚಿಕಿತ್ಸೆಯಲ್ಲ. ಕಾದಂಬರಿಯಲ್ಲಿ ಚಾರ್ಲಿಯ ಸ್ಥಿತಿಗೆ ಕಾರಣ ಹುಟ್ಟಿನಿಂದ ಬಂದ ಪಿಕೆಯು ಎಂಬ ದೋಷ. ಹಸುಗೂಸಿನ ಹಿಮ್ಮಡಿಯಿಂದ ಹನಿ ರಕ್ತ ತೆಗೆದು ಅದನ್ನು ಪತ್ತೆಹಚ್ಚುವ ಪರೀಕ್ಷೆಯನ್ನು 1960ರ ದಶಕದ ಆರಂಭದಲ್ಲಿ ರಾಬರ್ಟ್ ಗತ್ರಿ ಬಳಕೆಗೆ ತಂದರು. ಆಗಲೇ ಪಥ್ಯದ ಆಹಾರ ಆರಂಭಿಸಿದರೆ ಮಿದುಳು ಉಳಿಯುತ್ತದೆ. ಅಯೋಡಿನ್ ಕೊರತೆಯೂ ಅಂಥದ್ದೇ: ತಡೆಯಬಹುದಾದ ಬುದ್ಧಿಮಾಂದ್ಯಕ್ಕೆ ಜಗತ್ತಿನಲ್ಲಿ ಅದು ದೊಡ್ಡ ಕಾರಣ, ಅದಕ್ಕೆ ಪರಿಹಾರ ಅಯೋಡಿನ್ ಬೆರೆಸಿದ ಅಡುಗೆಮನೆಯ ಉಪ್ಪು. ಭಾರತದಲ್ಲಿ ಅಂಥ ಉಪ್ಪನ್ನು ಒದಗಿಸುವ ಕಾರ್ಯಕ್ರಮ 1962ರಲ್ಲಿ ಶುರುವಾಯಿತು. ರಾಯಚೂರು ಸೇರಿದಂತೆ ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಶಾಲೆಗಳಲ್ಲಿ 2021ರ ಡಿಸೆಂಬರ್‌ನಲ್ಲಿ ಬಿಸಿಯೂಟದ ಜೊತೆ ಮೊಟ್ಟೆ, ಬೇಡವೆಂದವರಿಗೆ ಬಾಳೆಹಣ್ಣು ಕೊಡಲು ಆರಂಭಿಸಿದರು. 2011ರ ಜನಗಣತಿಯಲ್ಲಿ ಸಾಕ್ಷರತೆ ಶೇಕಡಾ 59.56 ಇದ್ದ ಜಿಲ್ಲೆ ರಾಯಚೂರು. ದೇವದುರ್ಗದ ತಾಂಡಾದ ಮಗುವಿಗೆ ತಟ್ಟೆಯ ಆ ಮೊಟ್ಟೆ, ಅಂಗನವಾಡಿಯ ಊಟ, ಪಾಠ ಹೇಳುವ ಟೀಚರ್ ಇವೇ ಬುದ್ಧಿ ಬೆಳೆಸುವ ಸಾಧನ. ಇವೆಲ್ಲ ನಿಧಾನದವು, ಸಮ್ಮೇಳನದ ವೇದಿಕೆಯಲ್ಲಿ ತೋರಿಸಲು ಬಾರದವು.

ಬುದ್ಧಿ ಬೆಳೆಯದೆಯೇ ಉಳಿಯುವ ಮಕ್ಕಳೂ ಇರುತ್ತಾರೆ, ಅವರ ಬಗ್ಗೆಯೇ ಈ ಕಾದಂಬರಿ. ಹಳ್ಳಿಯ ಕಟ್ಟೆಯ ಮೇಲೆ ಮಳ್ಳ, ಹುಚ್ಚಪ್ಪ ಎಂದು ಕರೆಸಿಕೊಂಡು, ಕರೆದವರಿಗೇ ಚಹಾ ತಂದುಕೊಡುತ್ತ, ಅವರು ನಕ್ಕಾಗ ತಾನೂ ನಗುವ ಹುಡುಗನನ್ನು ನೋಡದವರು ಯಾರಿದ್ದಾರೆ? ಕೊನೆಗೆ ಚಾರ್ಲಿ ಹಳೆಯ ಬೇಕರಿಗೆ ಹಳೆಯ ಕೆಲಸಕ್ಕೇ ಮರಳುತ್ತಾನೆ. ಹೊಸಬನೊಬ್ಬ ಅವನನ್ನು ಗೋಳುಹೊಯ್ದುಕೊಂಡಾಗ, ಒಂದು ಕಾಲಕ್ಕೆ ಅವನನ್ನು ಓಡಿಸಲು ಸಹಿ ಹಾಕಿದ್ದ ಅದೇ ಜೊತೆಗಾರರು ಅಡ್ಡ ಬಂದು ನಿಲ್ಲುತ್ತಾರೆ. ನೀಮರ್‌ನಂಥವರಿಗೆ ಆಗದ ಬದಲಾವಣೆ ಹಿಟ್ಟು ನಾದುವವರಿಗೆ ಆಗಿದೆ.

ಈ ಅಂತ್ಯ ಬದಲಿಸು, ಚಾರ್ಲಿ ಜಾಣನಾಗಿಯೇ ಉಳಿದು ಆಲಿಸ್‌ಳನ್ನು ಮದುವೆಯಾಗಲಿ ಎಂದು ಮೊದಲ ಸಂಪಾದಕ ಒತ್ತಾಯಿಸಿದ್ದ. ಕಾದಂಬರಿಯನ್ನೂ ಹಲವು ಪ್ರಕಾಶಕರು ವಾಪಸು ಮಾಡಿದರು. 2014ರಲ್ಲಿ ತೀರಿಕೊಂಡ ಕೀಸ್ ಆ ಒತ್ತಾಯಕ್ಕೆ ಮಣಿಯಲಿಲ್ಲ. ಮಣಿಯದೆ ಇದ್ದದ್ದು ಸರಿ. ಬುದ್ಧಿ ಉಳಿದು ಸುಖವಾಯಿತು ಎಂದಿದ್ದರೆ, ಬುದ್ಧಿ ಇಲ್ಲದವನ ಬದುಕಿಗೆ ಬೆಲೆಯಿಲ್ಲ ಎನ್ನುವ ನೀಮರ್‌ನ ಮಾತನ್ನೇ ಪುಸ್ತಕ ಒಪ್ಪಿದಂತಾಗುತ್ತಿತ್ತು.

ರಾಯಚೂರು, ದೇವದುರ್ಗ, ಮಾನ್ವಿಯ ಶಿಕ್ಷಕರು, ಶಿಕ್ಷಕರಾಗಲು ಓದುತ್ತಿರುವವರು ಮುನ್ನೂರು ಪುಟಗಳ ಆಸುಪಾಸಿನ ಈ ಪುಸ್ತಕವನ್ನು ಒಮ್ಮೆ ಓದಬೇಕು. ಮನೆಯಲ್ಲಿ, ಓಣಿಯಲ್ಲಿ ಇಂಥ ಮಗುವಿದ್ದರೆ ಜಿಲ್ಲಾ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿ ಅಂಗವೈಕಲ್ಯ ಪ್ರಮಾಣಪತ್ರ ಪಡೆಯಲು ನೆರವಾಗಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಬೌದ್ಧಿಕ ಅಂಗವೈಕಲ್ಯವನ್ನೂ ಒಳಗೊಂಡಿದೆ. ವೈಕಲ್ಯ ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚಿರುವ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ನೆರೆಯ ಶಾಲೆಯಲ್ಲಿ ಅಥವಾ ಅವರಿಚ್ಛೆಯ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣ ಪಡೆಯುವ ಹಕ್ಕನ್ನು ಅದು ಕೊಟ್ಟಿದೆ.